ಪ್ರಾಗ್‌ನಲ್ಲಿ ಎರಡು ದಿನ: ಸೇತುವೆಗೆ ಮುಂಜಾನೆ, ಬಿಯರ್ ತೋಟಕ್ಕೆ ಸಂಜೆ

ವಾರಾಂತ್ಯಕ್ಕೆ ಪ್ರಾಗ್‌ಗೆ ಹೊರಟವರು ಚಾರ್ಲ್ಸ್ ಸೇತುವೆಯನ್ನು ಸೂರ್ಯ ಹುಟ್ಟುವ ಹೊತ್ತಿಗೇ ನೋಡಿಬಿಡಿ. 1357ರಲ್ಲಿ ಕಟ್ಟಲು ತೊಡಗಿದ ಈ ಕಲ್ಲುಸೇತುವೆ ಹಗಲಾದರೆ ರಥಬೀದಿಯ ಜಾತ್ರೆಯಂತಿರುತ್ತದೆ. ಆಚೆ ದಡದಲ್ಲಿ 22ನೇ ಸಂಖ್ಯೆಯ ಟ್ರಾಮ್ ಹಿಡಿದರೆ ಕೋಟೆಯ ಏರು ಹತ್ತುವ ಶ್ರಮ ತಪ್ಪುತ್ತದೆ. ಕಾಗದದ ಟಿಕೆಟ್ಟಿಗೆ ಹಳದಿ ಯಂತ್ರದಲ್ಲಿ ಮುದ್ರೆ ಬೀಳದಿದ್ದರೆ ದಂಡ ಖಚಿತ.

1410ರ ಖಗೋಳ ಗಡಿಯಾರದ ಗೊಂಬೆಗಳ ಮೆರವಣಿಗೆ ಕತ್ತೆತ್ತುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕಾಗಿ ಅರ್ಧ ಗಂಟೆ ಕಾಯಬೇಡಿ.

ಸಂಜೆಗೆ ಲೆಟ್ನಾ ಗುಡ್ಡದ ಬಿಯರ್ ತೋಟಕ್ಕೆ ಹೋಗಿ. ಕೆಳಗೆ ವಲ್ತಾವಾ ನದಿ, ಅದರ ಸೇತುವೆಗಳ ಸಾಲು, ಕುಡಿಯದವರಿಗೂ ನಷ್ಟವಿಲ್ಲ. ರಾತ್ರಿಗೆ ಹಳೇ ಪಟ್ಟಣದ ಚೌಕಕ್ಕಿಂತ ಝಿಝ್ಕೋವ್ ಬಡಾವಣೆಯ ಪಬ್‌ಗಳೇ ವಾಸಿ. ಅಲ್ಲಿ ಮೇಜಿನ ಮೇಲಿನ ಚೀಟಿಯಲ್ಲಿ ಪ್ರತಿ ಲೋಟಕ್ಕೊಂದು ಗೆರೆ ಎಳೆಯುತ್ತಾರೆ. ಅದೇ ನಿಮ್ಮ ಬಿಲ್ಲು, ಕಳೆದುಕೊಳ್ಳಬೇಡಿ! ಮೆಟ್ರೊ ನಿಂತ ಮೇಲೆ 90ರ ಸರಣಿಯ ರಾತ್ರಿ ಟ್ರಾಮ್‌ಗಳಿವೆ. ಅವೆಲ್ಲ ಲಾಜರ್ಸ್ಕಾ ನಿಲ್ದಾಣದಲ್ಲಿ ಸೇರುತ್ತವೆ.

ಇಲ್ಲಿ ಯೂರೊ ಅಲ್ಲ, ಕೊರುನಾ. ಬೀದಿಯ ವಿನಿಮಯ ಅಂಗಡಿಯಲ್ಲಿ ನಾನೊಮ್ಮೆ ಮೋಸಹೋದೆ. ರಸೀದಿ ಇದ್ದರೆ ಮೂರು ಗಂಟೆಯೊಳಗೆ ವಿನಿಮಯ ರದ್ದುಪಡಿಸುವ ಹಕ್ಕು ಕಾನೂನಿನಲ್ಲೇ ಇದೆ ಎಂದು ಆಮೇಲೆ ತಿಳಿಯಿತು.