ಐವಿಎಫ್‌ಗೆಂದು (ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆಗೆಂದು) ಬೆಂಗಳೂರಿನ ಬಸ್ಸು ಹತ್ತುವ ಮೊದಲು: ಚಿಕ್ಕಬಳ್ಳಾಪುರ ಜಿಲ್ಲೆಯ ದಂಪತಿಗಳು ತಿಳಿದಿರಬೇಕಾದದ್ದು

ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಬಸಿರಾಗದಿದ್ದರೆ ನಮ್ಮ ಕಡೆ ಮೊದಲು ಸೊಸೆಯನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುತ್ತಾರೆ. ಆಮೇಲೆ ರಕ್ತ ಪರೀಕ್ಷೆ, ಟ್ಯೂಬ್ (ಗರ್ಭನಾಳ) ಪರೀಕ್ಷೆ, ಕೆಲವೊಮ್ಮೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಲ್ಲಿ ನೋಡುವ ಲ್ಯಾಪರೋಸ್ಕೋಪಿ ಕೂಡ. ಗಂಡನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ನೋವಿಲ್ಲ, ಖರ್ಚೂ ಕಡಿಮೆ. ಆದ್ದರಿಂದ ಮೊದಲ ವಾರದಲ್ಲೇ ಗಂಡನ ಪರೀಕ್ಷೆ ಆಗಲಿ. ಅದರ ವರದಿ ಕೈಗೆ ಬರುವ ಮುನ್ನ ಹೆಂಡತಿಯ ಮೇಲೆ ಯಾವ ಶಸ್ತ್ರಕ್ರಿಯೆಗೂ ಒಪ್ಪಬೇಡಿ.

ಎಷ್ಟು ದಿನ ಕಾಯಬಹುದು? ಹೆಂಡತಿಗೆ 35 ತುಂಬಿಲ್ಲದಿದ್ದರೆ, ಯಾವ ತಡೆಯೂ ಇಲ್ಲದೆ ಎರಡು ಮೂರು ದಿನಕ್ಕೊಮ್ಮೆ ಕೂಡುತ್ತಿದ್ದರೆ, 12 ತಿಂಗಳು ಕಾಯಬಹುದು. 35 ದಾಟಿದ್ದರೆ 6 ತಿಂಗಳು ಸಾಕು, 40 ಆಗಿದ್ದರೆ ಕಾಯಲೇಬಾರದು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಹಿಂದೆ ಟಿಬಿ ಆಗಿದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ, ಗಂಡನಿಗೆ ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಮಾಡಿಸಿದ್ದರೆ ವಯಸ್ಸು ಎಷ್ಟೇ ಇರಲಿ, ಕೂಡಲೇ ಹೋಗಿ.

ವೀರ್ಯದ ಸ್ಯಾಂಪಲ್ ಕೊಡುವ ಕ್ರಮ

ಸ್ಯಾಂಪಲ್ ಕೊಡುವ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಎರಡು ದಿನಕ್ಕಿಂತ ಕಡಿಮೆಯಾದರೆ ಸಂಖ್ಯೆ ಕುಗ್ಗಿ ಕಾಣುತ್ತದೆ, ಏಳು ದಿನ ಮೀರಿದರೆ ಚಲನೆ ಕುಗ್ಗುತ್ತದೆ. ಲ್ಯಾಬಿನವರೇ ಕೊಡುವ ಅಗಲ ಬಾಯಿಯ ಸ್ಟೆರೈಲ್ ಡಬ್ಬ ಬಳಸಿ. ಮನೆಯ ಔಷಧಿ ಬಾಟಲಿ ತೊಳೆದು ಒಯ್ದರೆ ಅದರಲ್ಲಿ ಉಳಿದ ಸೋಪು ವೀರ್ಯಾಣುಗಳನ್ನು ಕೊಲ್ಲುತ್ತದೆ. ಎಣ್ಣೆ, ಸೋಪು, ಎಂಜಲು, ಜೆಲ್ ಯಾವುದೂ ಬೇಡ. ಕೈ ತೊಳೆದು, ಚೆನ್ನಾಗಿ ಒಣಗಿದ ಮೇಲೆಯೇ ಸ್ಯಾಂಪಲ್ ತೆಗೆಯಿರಿ. ಅಂಗಡಿಯ ಕಾಂಡೋಮಿನಲ್ಲಿ ಹಿಡಿದು ತರುವಂತಿಲ್ಲ, ಅದರ ಜಾರುದ್ರವವೂ ಹಾನಿಯೇ.

ಮೊದಲು ಬರುವ ಭಾಗದಲ್ಲೇ ಹೆಚ್ಚಿನ ವೀರ್ಯಾಣುಗಳಿರುತ್ತವೆ. ಆ ಮೊದಲ ಹನಿಗಳು ಹೊರಗೆ ಬಿದ್ದಿದ್ದರೆ ಸಂಕೋಚಪಡದೆ ಲ್ಯಾಬಿನವರಿಗೆ ಹೇಳಿ, ಇನ್ನೊಂದು ದಿನ ಕೊಡಿ. ಹೇಳದೆ ಬಿಟ್ಟರೆ ಇಲ್ಲದ ಕಾಯಿಲೆಗೆ ತಿಂಗಳುಗಟ್ಟಲೆ ಔಷಧಿ ನುಂಗಬೇಕಾಗುತ್ತದೆ.

ಲ್ಯಾಬಿನ ಕೋಣೆಯಲ್ಲೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಮನೆಯಲ್ಲಿ ತೆಗೆದು ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಮನೆ ಶಿಡ್ಲಘಟ್ಟದಲ್ಲಿದ್ದು ಲ್ಯಾಬು ಚಿಕ್ಕಬಳ್ಳಾಪುರದಲ್ಲಿದ್ದರೆ ಬೈಕಿನಲ್ಲಿ ಆ ಹೊತ್ತಿಗೆ ಮುಟ್ಟಬಹುದು. ಬಾಗೇಪಲ್ಲಿಯ ಆಚೆಯ ಹಳ್ಳಿಯಿಂದ ಬಸ್ಸಿಗೆ ಕಾದು ಬರುವವರಿಗೆ ಇದು ಆಗುವ ಮಾತಲ್ಲ, ಅವರು ಲ್ಯಾಬಿಗೇ ಹೋಗಿ ಕೊಡಬೇಕು. ಡಬ್ಬವನ್ನು ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಬೈಕಿನ ಡಿಕ್ಕಿಯಲ್ಲಿಟ್ಟರೆ ಬೇಸಿಗೆಯಲ್ಲಿ ಬೇಯುತ್ತದೆ, ನಂದಿ ಕಡೆಯ ಡಿಸೆಂಬರ್ ಚಳಿಯಲ್ಲಿ ಮರಗಟ್ಟುತ್ತದೆ. 20 ಡಿಗ್ರಿಗಿಂತ ಕೆಳಗೂ 37 ಡಿಗ್ರಿಗಿಂತ ಮೇಲೂ ಹೋಗಬಾರದು.

ವರದಿ ಓದುವುದು ಹೇಗೆ

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿಗಳು ಇವು: ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ನಲ್ಲಿ 16 ಮಿಲಿಯನ್ ವೀರ್ಯಾಣು, ಒಟ್ಟು 39 ಮಿಲಿಯನ್, ಚಲಿಸುವವು 42%, ಮುಂದಕ್ಕೆ ಈಜುವವು 30%, ಸರಿಯಾದ ಆಕಾರದವು 4%. ಒಂದು ವರ್ಷದೊಳಗೆ ಹೆಂಡತಿ ಬಸಿರಾದ ಗಂಡಸರನ್ನೇ ಅಳೆದು, ಅವರಲ್ಲಿ ಕೆಳಗಿನ 5% ಜನರ ಮಟ್ಟವನ್ನು ಗೆರೆಯಾಗಿ ಇಟ್ಟಿದ್ದಾರೆ. ಹಾಗಾಗಿ 14 ಮಿಲಿಯನ್ ಬಂದವನಿಗೆ ಮಕ್ಕಳಾಗುವುದಿಲ್ಲ ಎಂದೇನೂ ಇಲ್ಲ, 40 ಬಂದವನಿಗೆ ಖಾತ್ರಿಯೂ ಇಲ್ಲ. ಆಕಾರ 4% ಎಂದು ನೋಡಿ ಎದೆ ಒಡೆದುಕೊಳ್ಳುವವರು ಬಹಳ. ಅದು ಸರಿಯಾದ ಸಂಖ್ಯೆಯೇ.

ವರದಿಯಲ್ಲಿ ಎಷ್ಟು ದಿನ ತಡೆದದ್ದು, ಎಷ್ಟು ಗಂಟೆಗೆ ಸ್ಯಾಂಪಲ್ ತೆಗೆದದ್ದು, ಎಷ್ಟು ಗಂಟೆಗೆ ನೋಡಿದ್ದು ಎಂಬ ಮೂರೂ ಇರಬೇಕು. ಸಣ್ಣ ಲ್ಯಾಬುಗಳ ವರದಿಯಲ್ಲಿ ಇನ್ನೂ 'ಆಕ್ಟಿವ್, ಸ್ಲಗಿಶ್, ಡೆಡ್' ಎಂದಷ್ಟೇ ಬರುವುದುಂಟು. ಚಲಿಸದ್ದೆಲ್ಲ ಸತ್ತದ್ದಲ್ಲ. ಬದುಕಿದೆಯೋ ಇಲ್ಲವೋ ಎಂದು ಹೇಳಲು ಬಣ್ಣ ಹಾಕಿ ನೋಡುವ ವೈಟಾಲಿಟಿ ಪರೀಕ್ಷೆ ಬೇಕು. 'ಪಸ್ ಸೆಲ್ಸ್ 8-10' ಎಂದಿದ್ದರೂ ಹಾಗೆಯೇ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬಲಿಯದ ವೀರ್ಯಾಣು ಕೋಶಗಳೂ ಬಿಳಿ ರಕ್ತಕಣಗಳೂ ಎರಡೂ ದುಂಡಗೇ ಕಾಣುತ್ತವೆ. ಪೆರಾಕ್ಸಿಡೇಸ್ ಬಣ್ಣ ಹಾಕದೆ ಸೋಂಕು ಎಂದು ತೀರ್ಮಾನಿಸಿ ಆ್ಯಂಟಿಬಯೋಟಿಕ್ ಕೊಡುವುದು ಸರಿಯಲ್ಲ.

ಫಲಿತಾಂಶ ಕಡಿಮೆ ಬಂದರೆ ಒಂದೇ ವರದಿಯನ್ನು ನಂಬಬೇಡಿ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹಾಗಾಗಿ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ. ಎರಡು ತಿಂಗಳ ಹಿಂದೆ ಡೆಂಗಿ ಅಥವಾ ಚಿಕೂನ್‌ಗುನ್ಯಾದಿಂದ ಜೋರು ಜ್ವರ ಬಂದಿದ್ದರೆ ಅದರ ಪೆಟ್ಟು ಈಗ ಕಾಣುತ್ತಿರಬಹುದು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಕುದಿಯುವ ಬಾಣಲೆಯ ಮುಂದೆ, ಬಾಯ್ಲರ್ ಪಕ್ಕ ದಿನವಿಡೀ ನಿಲ್ಲುವವರು, ಹೋಟೆಲಿನ ಒಲೆ ಮುಂದೆ ಇರುವವರು, ದೂರದ ಲಾರಿ ಓಡಿಸುವವರು ಈ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು. ವೃಷಣಕ್ಕೆ ಮೈಗಿಂತ ಎರಡು ಡಿಗ್ರಿಯಾದರೂ ತಂಪು ಬೇಕು. ಬೀಡಿ, ಸಿಗರೇಟು, ಗುಟ್ಕಾ ಬಿಡಿ. ಜಿಮ್ಮಿನಲ್ಲಿ ಮೈಕಟ್ಟಿಗೆಂದು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡವರ ವೀರ್ಯಾಣು ಪೂರ್ತಿ ಸೊನ್ನೆಗೆ ಇಳಿಯಬಹುದು. 'ಗಂಡಸುತನದ ಇಂಜೆಕ್ಷನ್' ಎಂದು ಯಾರಾದರೂ ಕೊಟ್ಟಿದ್ದರೆ ಆ ಚೀಟಿ ತೋರಿಸಿ. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಳೇ ಬೇಕು.

ಸೊನ್ನೆ ಬಂದರೆ ಸ್ಯಾಂಪಲನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದಲ್ಲಿ ಉಳಿದದ್ದನ್ನು ನೋಡಿದ್ದಾರೆಯೇ ಎಂದು ಕೇಳಿ. ಮೂರು ತಿಂಗಳು ಕಾಯದೆ ಇನ್ನೊಂದು ಸ್ಯಾಂಪಲ್ ಕೊಡಿ. ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್ ಹಾರ್ಮೋನುಗಳ ರಕ್ತ ಪರೀಕ್ಷೆ ಮಾಡಿಸಿ ಮೂತ್ರರೋಗ ತಜ್ಞರ ಬಳಿ ಹೋಗಿ. ದಾರಿ ಕಟ್ಟಿಕೊಂಡು ಸೊನ್ನೆಯಾಗಿದ್ದರೆ ವೃಷಣದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು ಇಕ್ಸಿ (ಲ್ಯಾಬಿನಲ್ಲಿ ಒಂದು ವೀರ್ಯಾಣುವನ್ನು ಮೊಟ್ಟೆಯೊಳಗೆ ಚುಚ್ಚುವುದು) ಮಾಡಬಹುದು. ತಯಾರಿಯೇ ನಿಂತಿದ್ದರೆ ಚಿಕಿತ್ಸೆ ಬೇರೆ.

ವೀರ್ಯ ಹೆಚ್ಚಿಸುವ ಜಿಂಕ್, ಫೋಲಿಕ್ ಮಾತ್ರೆಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾತ್ರೆ ತಿಂದವರ ಕಡೆ 34%, ತಿನ್ನದವರ ಕಡೆ 35% ಜೀವಂತ ಹೆರಿಗೆ ಆಯಿತು. ಆ ದುಡ್ಡು ಉಳಿಸಿ.

ಹೆಂಡತಿಯ ಪರೀಕ್ಷೆಗಳು: ದಿನ ತಪ್ಪಿದರೆ ಫಲಿತಾಂಶವೂ ತಪ್ಪು

ಚೆನ್ನಾಗಿ ಸ್ರಾವ ಶುರುವಾದ ದಿನವೇ 1ನೇ ದಿನ, ಹಿಂದಿನ ದಿನದ ಕಲೆ ಲೆಕ್ಕಕ್ಕಿಲ್ಲ. 2 ಅಥವಾ 3ನೇ ದಿನ ಎಫ್‌ಎಸ್‌ಎಚ್, ಎಲ್‌ಎಚ್ ಮತ್ತು ಸ್ಕ್ಯಾನ್. ಥೈರಾಯ್ಡಿನ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಅಂಡಾಶಯದಲ್ಲಿ ಉಳಿದ ಮೊಟ್ಟೆಗಳ ಅಂದಾಜು ಕೊಡುವ ಎಎಂಎಚ್ ಯಾವ ದಿನವಾದರೂ ಆಗಬಹುದು. '21ನೇ ದಿನದ ಪ್ರೊಜೆಸ್ಟಿರಾನ್' ಎಂದು ಚೀಟಿಯಲ್ಲಿ ಬರೆದಿದ್ದರೂ ಅದು 28 ದಿನಕ್ಕೆ ಮುಟ್ಟಾಗುವವರಿಗೆ ಮಾತ್ರ. ಮುಂದಿನ ಮುಟ್ಟಿಗೆ 7 ದಿನ ಇರುವಾಗ ಮಾಡಿಸಬೇಕು, 35 ದಿನದ ಚಕ್ರವಾದರೆ ಅದು 28ನೇ ದಿನ. ಇದನ್ನು ಗಮನಿಸದೆ 21ಕ್ಕೇ ಮಾಡಿಸಿ 'ಮೊಟ್ಟೆ ಬಿಡುಗಡೆಯಾಗಿಲ್ಲ' ಎಂದು ಬರೆಸಿಕೊಂಡು ಬರುವವರಿದ್ದಾರೆ.

ಎಎಂಎಚ್ ಕಡಿಮೆ ಎಂದು ಹೆದರಿಸಿದರೆ ಇದನ್ನು ನೆನಪಿಡಿ: 30ರಿಂದ 44ರ ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ ಹೆಂಗಸರನ್ನು ಗಮನಿಸಿದ 2017ರ ಅಧ್ಯಯನದಲ್ಲಿ ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಸುಲಭವಾಗಿ ಸಹಜವಾಗಿ ಬಸಿರಾದರು. ಐವಿಎಫ್ ಇಂಜೆಕ್ಷನ್‌ಗೆ ಎಷ್ಟು ಮೊಟ್ಟೆ ಬರಬಹುದು ಎಂದು ಅಂದಾಜಿಸಲು ಆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ.

ಟ್ಯೂಬ್ ಪರೀಕ್ಷೆ, ಅಂದರೆ ಎಚ್‌ಎಸ್‌ಜಿ, ಸ್ರಾವ ಪೂರ್ತಿ ನಿಂತ ಮೇಲೆ, ಸಾಮಾನ್ಯವಾಗಿ 7ರಿಂದ 10ನೇ ದಿನದೊಳಗೆ. ಆ ತಿಂಗಳು ಮುಟ್ಟಾದಾಗಿನಿಂದ ಪರೀಕ್ಷೆ ಮುಗಿಯುವವರೆಗೆ ಕೂಡಬಾರದು. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ಒಂದು ಗಂಟೆ ಮುಂಚೆ ನುಂಗಿ, ಮೈ ಬಿಗಿ ಹಿಡಿಯಬೇಡಿ. ಬಿಗಿ ಹಿಡಿದರೆ ಅಥವಾ ದ್ರವವನ್ನು ರಭಸವಾಗಿ ತಳ್ಳಿದರೆ ಟ್ಯೂಬಿನ ಬುಡ ಸೆಳೆತದಿಂದ ಮುಚ್ಚಿಕೊಂಡು, ತೆರೆದ ಟ್ಯೂಬೂ 'ಬ್ಲಾಕ್' ಎಂದು ಕಾಣುತ್ತದೆ. ಬುಡದಲ್ಲೇ ಬ್ಲಾಕ್ ಎಂದು ಬಂದರೆ ಮತ್ತೊಮ್ಮೆ ಖಚಿತಪಡಿಸಿಕೊಳ್ಳದೆ ಐವಿಎಫ್ ಕಡೆಗೆ ಓಡಬೇಡಿ. ಎರಡೂ ಟ್ಯೂಬು ನಿಜಕ್ಕೂ ಮುಚ್ಚಿದ್ದರೆ ನಮ್ಮ ದೇಶದಲ್ಲಿ ಜನನಾಂಗದ ಟಿಬಿಯನ್ನು ಪರೀಕ್ಷಿಸದೆ ಬಿಡಬಾರದು.

ಐವಿಎಫ್‌ಗೆ ಮುಂಚಿನ ಮೆಟ್ಟಿಲು

ಪಿಸಿಓಎಸ್ (ಹಾರ್ಮೋನು ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇದ್ದು ಮೊಟ್ಟೆ ಬಿಡುಗಡೆಯಾಗುತ್ತಿಲ್ಲ, ಟ್ಯೂಬು ತೆರೆದಿದೆ, ಗಂಡನ ವರದಿ ಸರಿಯಿದೆ ಎಂದಾದರೆ ಲೆಟ್ರೋಜೋಲ್ ಮಾತ್ರೆಯೇ ಮೊದಲ ಆಯ್ಕೆ. 2014ರ ಅಮೆರಿಕದ ಪ್ರಯೋಗದಲ್ಲಿ ಲೆಟ್ರೋಜೋಲ್ ಪಡೆದವರಲ್ಲಿ 27.5%, ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ 19.1% ಜೀವಂತ ಹೆರಿಗೆ ಆಯಿತು. ನಮ್ಮಲ್ಲಿ ಈ ಮಾತ್ರೆಯನ್ನು ಬಂಜೆತನಕ್ಕೆ ಬಳಸುವುದನ್ನು 2011ರಲ್ಲಿ ನಿಷೇಧಿಸಿ, 2017ರಲ್ಲಿ ನಿಷೇಧ ತೆಗೆದರು. ತೂಕ ಹೆಚ್ಚಿರುವವರು 5ರಿಂದ 10% ಇಳಿಸಿದರೂ ಕೆಲವರಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ.

ಕಾರಣವೇ ಸಿಗದ ದಂಪತಿಗಳಿಗೆ ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದನ್ನು, ಮೂರು ನಾಲ್ಕು ಸಲ ಮಾಡಿ ನೋಡಬಹುದು. ನ್ಯೂಜಿಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರೆಯ ಜೊತೆ ಮೂರು ಐಯುಐ ಮಾಡಿಸಿಕೊಂಡವರಲ್ಲಿ 31%, ಸುಮ್ಮನೆ ಕಾದವರಲ್ಲಿ 9% ಜನರಿಗೆ ಮಗುವಾಯಿತು. ಟ್ಯೂಬು ಎರಡೂ ಮುಚ್ಚಿದ್ದರೆ ಐಯುಐ ವ್ಯರ್ಥ. ಚಲಿಸುವ ವೀರ್ಯಾಣುಗಳ ಒಟ್ಟು ಲೆಕ್ಕವನ್ನು ನೀವೇ ಹಾಕಬಹುದು: 2 ಮಿ.ಲೀ., ಮಿ.ಲೀ.ಗೆ 20 ಮಿಲಿಯನ್, ಚಲನೆ 40% ಅಂದರೆ 16 ಮಿಲಿಯನ್. ಇದು 5 ಮಿಲಿಯನ್‌ಗಿಂತ ಕೆಳಗಿದ್ದರೆ ಐಯುಐ ಫಲಿಸುವುದು ಕಷ್ಟ.

ಐವಿಎಫ್ ಅಂತಲೇ ಆದರೆ

ಆಯುಷ್ಮಾನ್ ಕಾರ್ಡು ಇದಕ್ಕೆ ನಡೆಯುವುದಿಲ್ಲ, ಆ ಯೋಜನೆಯಲ್ಲಿ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದ್ದಾರೆ. ಕೇಂದ್ರ ಸರ್ಕಾರದ 2021ರ ಕಾಯ್ದೆಯ ಪ್ರಕಾರ ಐವಿಎಫ್ ಕೇಂದ್ರ ನೋಂದಣಿಯಾಗಿರಲೇಬೇಕು, ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯಸ್ಸಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. 'ನಮ್ಮಲ್ಲಿ 70% ಸಕ್ಸಸ್' ಎಂದರೆ ಮೂರು ಪ್ರಶ್ನೆ ಕೇಳಿ: ಅದು ಟೆಸ್ಟ್ ಪಾಸಿಟಿವ್ ಆದವರ ಲೆಕ್ಕವೋ ಮಗು ಹುಟ್ಟಿದವರದೋ? ಭ್ರೂಣ ಇಟ್ಟವರಲ್ಲಿ ಎಷ್ಟೋ, ಇಂಜೆಕ್ಷನ್ ಶುರುಮಾಡಿದವರಲ್ಲಿ ಎಷ್ಟೋ? ನನ್ನ ವಯಸ್ಸಿನವರಲ್ಲಿ ಎಷ್ಟು?

ಮೊಟ್ಟೆ ಬೆಳೆಸುವ ಇಂಜೆಕ್ಷನ್ ಸಾಮಾನ್ಯವಾಗಿ 8ರಿಂದ 12 ದಿನ. ಹೆಚ್ಚಿನವನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಬೆಂಗಳೂರಿನಿಂದ ತರುವಾಗ ಥರ್ಮಾಕೋಲ್ ಡಬ್ಬದಲ್ಲಿ ಐಸ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ ಇಡಿ. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದ ಔಷಧಿ ಕೆಟ್ಟಂತೆಯೇ, ಆಮೇಲೆ ಕರಗಿಸಿ ಬಳಸುವಂತಿಲ್ಲ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲೂ ಬೇಡ, ಫ್ರೀಜರಿನ ಕೆಳಗೂ ಬೇಡ, ನಡು ತಟ್ಟೆಯಲ್ಲಿಡಿ. ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ಹೊಕ್ಕುಳಿನಿಂದ ಎರಡು ಬೆರಳು ದೂರದಲ್ಲಿ, ದಿನವೂ ಜಾಗ ಬದಲಿಸಿ, ಒಂದೇ ಹೊತ್ತಿಗೆ ಚುಚ್ಚಿ.

ಮೊಟ್ಟೆ ಬಲಿಸುವ ಕೊನೆಯ ಟ್ರಿಗರ್ ಇಂಜೆಕ್ಷನ್ ಗಡಿಯಾರ ನೋಡಿ ಕೊಡುವಂಥದ್ದು. ಮೊಟ್ಟೆ ತೆಗೆಯುವುದು ಅದಾಗಿ 34ರಿಂದ 36 ಗಂಟೆಗೆ. ಸೋಮವಾರ ರಾತ್ರಿ 10ಕ್ಕೆ ಚುಚ್ಚಿದರೆ ಬುಧವಾರ ಬೆಳಿಗ್ಗೆ 10ಕ್ಕೆ 36 ಗಂಟೆ. ಬಹಳ ತಡವಾದರೆ ಮೊಟ್ಟೆಗಳು ತಾವೇ ಬಿಡುಗಡೆಯಾಗಿ ಕೈತಪ್ಪುತ್ತವೆ, ಬಹಳ ಮುಂಚೆ ತೆಗೆದರೆ ಬಲಿತಿರುವುದಿಲ್ಲ. ಗೌರಿಬಿದನೂರು, ಬಾಗೇಪಲ್ಲಿಯವರು ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ತಂಗುವುದು ಒಳ್ಳೆಯದು. ಅಂದೇ ಸ್ಯಾಂಪಲ್ ಕೊಡಬೇಕೆಂಬ ಒತ್ತಡದಲ್ಲಿ ಗಂಡನಿಗೆ ಆಗದೆ ಹೋಗಬಹುದು, ಸಂಶಯವಿದ್ದರೆ ಒಂದು ಸ್ಯಾಂಪಲನ್ನು ಮೊದಲೇ ಫ್ರೀಜ್ ಮಾಡಿಸಿಡಿ.

ಮೊಟ್ಟೆ ತೆಗೆದ ಮೇಲೆ ಹೊಟ್ಟೆ ಉಬ್ಬರ, ವಾಂತಿ, ದಿನಕ್ಕೆ ಒಂದು ಕೆ.ಜಿ. ತೂಕ ಏರುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಕಂಡರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ಹೊಟ್ಟೆಯಲ್ಲಿ ನೀರು ತುಂಬುವ ಒಎಚ್‌ಎಸ್‌ಎಸ್ ಆಗಿರಬಹುದು. ಪಿಸಿಓಎಸ್ ಇರುವವರಿಗೆ ಅಪಾಯ ಹೆಚ್ಚು.

ಬಿಲ್ಲಿಗೆ ಸೇರುವ ಹೆಚ್ಚುವರಿಗಳ ಬಗ್ಗೆ ಎಚ್ಚರ. ಗರ್ಭಕೋಶದ ಒಳಪದರ ಕೆರೆಯುವ 'ಸ್ಕ್ರ್ಯಾಚಿಂಗ್' ಪ್ರಯೋಜನವಿಲ್ಲ ಎಂದು 2019ರ ದೊಡ್ಡ ಪ್ರಯೋಗ ತೋರಿಸಿತು: ಮಾಡಿಸಿದವರಲ್ಲೂ ಮಾಡಿಸದವರಲ್ಲೂ ಜೀವಂತ ಹೆರಿಗೆ 26.1%. ಭ್ರೂಣ ಇಡುವ ಹೊತ್ತು ಹೇಳುತ್ತದೆ ಎನ್ನುವ ಇಆರ್‌ಎ ಪರೀಕ್ಷೆಯೂ 2022ರ ಪ್ರಯೋಗದಲ್ಲಿ ಲಾಭ ಕೊಡಲಿಲ್ಲ. ಗಂಡನ ವೀರ್ಯ ಸರಿಯಿದ್ದರೆ ಇಕ್ಸಿಯಿಂದ ಮಗುವಾಗುವ ಅವಕಾಶ ಹೆಚ್ಚುವುದಿಲ್ಲ. 'ಯಾಕೆ ಬೇಕು, ಯಾವ ಪ್ರಯೋಗದಲ್ಲಿ ಮಗು ಹುಟ್ಟುವುದು ಹೆಚ್ಚಾಗಿದೆ' ಎಂದು ಕೇಳಿ, ಉತ್ತರ ಬಂದ ಮೇಲೆ ಸಹಿ ಹಾಕಿ.

ಭ್ರೂಣ ಇಟ್ಟ ಮೇಲೆ ಎರಡು ವಾರ ಮಲಗೇ ಇರಬೇಕಿಲ್ಲ. ಮಲಗಿದ್ದರೆ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮನೆಕೆಲಸ ಮಾಡಬಹುದು, ಬಸ್ಸಿನಲ್ಲಿ ಊರಿಗೆ ಬರಬಹುದು. ಸಾಮಾನ್ಯವಾಗಿ ಎರಡು ವಾರದೊಳಗೆ ಬಸಿರು ತಿಳಿಸುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ, ನಿಮ್ಮ ಕೇಂದ್ರ ಹೇಳಿದ ದಿನವೇ ಮಾಡಿಸಿ. ಅದಕ್ಕಿಂತ ಮುಂಚೆ ಕಿಟ್ಟಿನಲ್ಲಿ ನೋಡಿದರೆ ಟ್ರಿಗರ್ ಇಂಜೆಕ್ಷನ್‌ನ ಎಚ್‌ಸಿಜಿಯೇ ಸುಳ್ಳು ಗೆರೆ ತೋರಿಸಬಹುದು. ನಡುವೆ ಸ್ವಲ್ಪ ರಕ್ತದ ಕಲೆ ಕಂಡಿತೆಂದು, ಮುಟ್ಟೇ ಆಯಿತು ಎಂದುಕೊಂಡು, ಬಸಿರು ನಿಲ್ಲಲೆಂದು ಕೊಟ್ಟ ಪ್ರೊಜೆಸ್ಟಿರಾನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರು ನಿಲ್ಲಿಸಿ ಎಂದ ಮೇಲೆಯೇ ನಿಲ್ಲಿಸಿ. ಪಾಸಿಟಿವ್ ಬಂದ ಮೇಲೆ ಒಂದು ಪಕ್ಕದಲ್ಲಿ ತೀವ್ರ ಹೊಟ್ಟೆನೋವು ಅಥವಾ ತಲೆಸುತ್ತು ಬಂದರೆ, ಬಸಿರು ಟ್ಯೂಬಿನಲ್ಲಿ ಕಟ್ಟಿರಬಹುದೆಂದು ಹೇಳಿ ಅಂದೇ ಸ್ಕ್ಯಾನ್ ಮಾಡಿಸಿ.