ಪ್ಲೇನಾರ್ ಟ್ರಾನ್ಸ್‌ಫಾರ್ಮರ್: ತಾಮ್ರದ ದಪ್ಪಕ್ಕಿಂತ ಪದರಗಳ ಸರದಿ

400 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಸುವ ಎಲ್‌ಎಲ್‌ಸಿ (ಒಂದು ಬಗೆಯ ರೆಸೊನೆಂಟ್) ಕನ್ವರ್ಟರ್‌ಗೆ ಪ್ಲೇನಾರ್ ಟ್ರಾನ್ಸ್‌ಫಾರ್ಮರ್ ಬೇಕಿತ್ತು, ಅಂದರೆ ತಂತಿಯ ಬದಲು ಸರ್ಕ್ಯೂಟ್ ಬೋರ್ಡ್‌ನ (ಪಿಸಿಬಿ) ತಾಮ್ರದ ಪದರಗಳೇ ಸುತ್ತುಗಳಾಗಿರುವ ಚಪ್ಪಟೆ ಟ್ರಾನ್ಸ್‌ಫಾರ್ಮರ್. ಫ್ರೀಕ್ವೆನ್ಸಿ 500 ಕಿಲೋಹರ್ಟ್ಸ್, ಸುತ್ತುಗಳು 16:1. ಎಂಟು ಪದರದ ಪಿಸಿಬಿಯಲ್ಲಿ ನಾಲ್ಕು ಪದರ ಪ್ರೈಮರಿಗೆ, ಪದರಕ್ಕೆ ನಾಲ್ಕು ಸುತ್ತು, ಎಲ್ಲ ಸೀರೀಸ್. ಉಳಿದ ನಾಲ್ಕು ಸೆಕೆಂಡರಿಗೆ, ಒಂದೊಂದೇ ಸುತ್ತು, ಪ್ಯಾರಲಲ್.

"ಎರಡು ಔನ್ಸ್ ಬದಲು ನಾಲ್ಕು ಔನ್ಸ್ ತಾಮ್ರ ಹಾಕ್ಬಿಡಿ ಸಾರ್, ರೆಸಿಸ್ಟೆನ್ಸ್ ಅರ್ಧ ಆಗುತ್ತೆ" ಅಂದರು ಲೇಔಟ್ ಮಾಡುವವರು. (ಬೋರ್ಡ್‌ನ ತಾಮ್ರದ ದಪ್ಪವನ್ನು ಔನ್ಸ್‌ನಲ್ಲಿ ಹೇಳುವುದು ರೂಢಿ.) ಡಿಸಿಗೆ ಆ ಮಾತು ನಿಜ. ಆದರೆ 500 ಕಿಲೋಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್, ಅಂದರೆ ಕರೆಂಟ್ ತಾಮ್ರದೊಳಗೆ ಇಳಿಯುವ ಆಳ, ಸುಮಾರು 93 ಮೈಕ್ರಾನ್. ಎರಡು ಔನ್ಸ್ ತಾಮ್ರದ ದಪ್ಪ 70 ಮೈಕ್ರಾನ್, ನಾಲ್ಕು ಔನ್ಸ್‌ನದು 140. ವಾದ ಬೇಡವೆಂದು, ಪದರಗಳ ಎಸಿ ರೆಸಿಸ್ಟೆನ್ಸ್ ಲೆಕ್ಕ ಹಾಕುವ ಡೋವೆಲ್ ಸೂತ್ರಕ್ಕೆ ಹಾಕಿ ನೋಡಿದೆ. ಪ್ರೈಮರಿಯ ನಾಲ್ಕೂ ಪದರ ಒಂದರ ಮೇಲೊಂದು ಕೂತರೆ ಎಸಿ ರೆಸಿಸ್ಟೆನ್ಸ್ ಎರಡು ಔನ್ಸ್‌ನಲ್ಲಿ ಡಿಸಿಯ 1.55 ಪಟ್ಟು, ನಾಲ್ಕು ಔನ್ಸ್‌ನಲ್ಲಿ 8.4 ಪಟ್ಟು. ಡಿಸಿ ಅರ್ಧವಾದ ಲಾಭ ಕಳೆದರೂ ದಪ್ಪ ತಾಮ್ರದಲ್ಲೇ ನಷ್ಟ 2.7 ಪಟ್ಟು ಜಾಸ್ತಿ! ಪದರದಿಂದ ಪದರಕ್ಕೆ ಕಾಂತಕ್ಷೇತ್ರ ಕೂಡಿಕೊಳ್ಳುತ್ತಾ ಹೋಗಿ, ಕೊನೆಯ ಪದರದೊಳಗೆ ಎಡ್ಡಿ (ಸುಳಿ) ಕರೆಂಟ್ ಸುತ್ತಾಡುವುದೇ ಇದಕ್ಕೆ ಕಾರಣ.

ಪ್ರೈಮರಿ, ಸೆಕೆಂಡರಿಗಳನ್ನು ಒಂದು ಬಿಟ್ಟು ಒಂದು ಜೋಡಿಸಿದರೆ ಕ್ಷೇತ್ರ ಕೂಡಿಕೊಳ್ಳುವುದೇ ಇಲ್ಲ. ಆಗ ಅದೇ ನಾಲ್ಕು ಔನ್ಸ್‌ನ ಗುಣಕ ಬರೀ 1.38. ಆದರೆ ಪ್ರೈಮರಿ–ಸೆಕೆಂಡರಿ ಮುಖಾಮುಖಿ ಏಳು ಕಡೆ ಆಗುತ್ತದೆ, ಕೆಪಾಸಿಟೆನ್ಸ್ ಏರಿ ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ಕಾಟ ಶುರು. ಹಾಗಾಗಿ ನಾನು ಇಟ್ಟ ಸರದಿ: ಪ್ರೈ-ಸೆ-ಸೆ-ಪ್ರೈ-ಪ್ರೈ-ಸೆ-ಸೆ-ಪ್ರೈ. ಏಳರಲ್ಲಿ ಮೂರು ಮುಖಾಮುಖಿಗಳ ನಡುವೆ ಕ್ಷೇತ್ರವೇ ಇರಲಿಲ್ಲ, ದಂಡಕ್ಕೆ ಕೆಪಾಸಿಟೆನ್ಸ್ ಅಷ್ಟೇ. ಅವು ಹೋಗಿ ನಾಲ್ಕು ಉಳಿದವು. ತಾಮ್ರದ ನಷ್ಟದ ಲೆಕ್ಕ ಮಾತ್ರ ಹಾಗೇ ಇದೆ. ಇಷ್ಟು ಅಗ್ಗದ ಲಾಭ ಈ ಕೆಲಸದಲ್ಲಿ ಅಪರೂಪ.

ಇನ್ನು ಕೋರ್‌ನಲ್ಲಿ ಬಿಡುವ ಗಾಳಿಯ ಗ್ಯಾಪ್ ವಿಷಯ: ಇ ಆಕಾರದ ಕೋರ್ ಮೇಲೆ ಪ್ಲೇಟ್ ಕೂರುವ ಜೋಡಣೆಯಾದ್ದರಿಂದ ನಡುಗಾಲಿನ ಗ್ಯಾಪ್ ಮೇಲ್ಗಡೆ ಬರುತ್ತದೆ. ಅಲ್ಲಿ ಹೊರಚೆಲ್ಲುವ ಕ್ಷೇತ್ರ ಒಳಸುತ್ತನ್ನು ಸುಡದಿರಲೆಂದು ಬೋರ್ಡನ್ನು ತಳಕ್ಕೆ ಒತ್ತಿ ಕೂರಿಸಿ, ಮೇಲಿನ ತಾಮ್ರಕ್ಕೂ ಗ್ಯಾಪ್‌ಗೂ ನಡುವೆ ಗ್ಯಾಪ್‌ನ ಮೂರು ಪಟ್ಟು ಜಾಗ ಬಿಟ್ಟೆ.

ಎಸಿ ರೆಸಿಸ್ಟೆನ್ಸ್ ಅಳೆಯುವಾಗ ಹುಷಾರು. ಸೆಕೆಂಡರಿ ಶಾರ್ಟ್ ಮಾಡಿ ಪ್ರೈಮರಿ ಕಡೆಯಿಂದ ನೋಡಿದರೆ ಸೆಕೆಂಡರಿ ಕಡೆಯ ರೆಸಿಸ್ಟೆನ್ಸ್ ಎಲ್ಲವೂ ಸುತ್ತುಗಳ ಅನುಪಾತದ ವರ್ಗದಷ್ಟು, ಅಂದರೆ 16×16 = 256 ಪಟ್ಟಾಗಿ ಕಾಣುತ್ತದೆ. ಶಾರ್ಟ್‌ನಲ್ಲಿ 0.1 ಮಿಲಿಓಮ್ ಇದ್ದರೂ ಮೀಟರ್‌ನಲ್ಲಿ 25.6 ಮಿಲಿಓಮ್. ವೈರ್ ತುಂಡು ಸಾಲದು. ಪ್ಯಾಡ್‌ನ ಪೂರ್ತಿ ಅಗಲಕ್ಕೆ ತಾಮ್ರದ ಹಾಳೆ ಬೆಸುಗೆ ಹಾಕಿದ ಮೇಲಷ್ಟೇ ನಾನು ರೀಡಿಂಗ್ ಬರೆದುಕೊಳ್ಳುವುದು.