ಹಳೆ ಚಿತ್ರದಾಗ ನಿಂತ ಮಂದೀನ ಹೆಂಗ ನೋಡಬೇಕು

ನಾನು ಗಂಗಾವತಿ ಕಡೆ ಹೈಸ್ಕೂಲ್ ಹುಡುಗ್ರಿಗೆ ಚಿತ್ರಕಲೆ ಹೇಳಿಕೊಡ್ತೀನಿ. ಹೋದ ವರ್ಷ ಒಂದು ಕಾರ್ಯಕ್ರಮದಾಗ ಫ್ಯಾನ್ಸಿ ಡ್ರೆಸ್ ಇತ್ತು, ಒಬ್ಬ ಸಣ್ಣ ಹುಡುಗನ ಮೈಗೆಲ್ಲಾ ಕರಿ ಬಣ್ಣ ಬಳದು, ನಡಕ್ಕ ಬೇವಿನ ತಪ್ಪಲ ಕಟ್ಟಿ, ತಲಿಗೆ ಕೋಳಿ ಪುಚ್ಚ ಸಿಗಿಸಿ "ಆದಿವಾಸಿ" ಅಂತ ಸ್ಟೇಜ್ ಹತ್ತಿಸಿದ್ರು, ಮಂದಿ ಚಪ್ಪಾಳಿ ಹೊಡದ್ರು. ನನ್ನ ಬಾಜೂಕ ಕುಂತಿದ್ದ ತಾಂಡಾದ ಹುಡುಗಿ ಒಬ್ಬಾಕಿ "ಸರ್, ಇವ ಯಾವ ಊರಿನ ಆದಿವಾಸಿ" ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರ ಆ ವೇಷ ಯಾವ ಊರಿಂದೂ ಅಲ್ಲ, ಯಾರೋ ಹೊರಗಿನವರು ಬರದ ಚಿತ್ರ ನೋಡಿ ಇನ್ನೊಬ್ರು ಬರದು, ಅದನ್ನ ನೋಡಿ ಮತ್ತೊಬ್ರು ಬರದು, ಹಂಗ ಹರಕೊಂಡು ನಮ್ಮ ಸ್ಟೇಜ್ ತನಕ ಬಂದೈತಿ. ಅವತ್ತಿಂದ ಕ್ಲಾಸಿನ್ಯಾಗ ಮೂಲನಿವಾಸಿಗಳನ್ನ ಹೊರಗಿನವರು ಬರದ ಇಂಥ ಹಳೆ ಚಿತ್ರ ಹೆಂಗ ನೋಡಬೇಕು ಅಂತ ಹೇಳಿಕೊಡಾಕತ್ತೀನಿ. ಮೊಬೈಲ್ ಇದ್ರ ಸಾಕು, ನೀವೂ ಮನ್ಯಾಗ ಮಾಡಬಹುದು.

ಮೊದಲು ಚಿತ್ರ ಸರಿಯಾಗಿ ತಗೋರಿ. ವಾಟ್ಸಾಪ್‌ನ್ಯಾಗ ಬಂದಿದ್ದು ಬ್ಯಾಡ, ಅಂಚು ಕತ್ತರಿಸಿರ್ತಾರ, ಜೂಮ್ ಮಾಡಿದ್ರ ಮಸುಕಾಗತೈತಿ. ಬ್ರಿಟಿಷ್ ಮ್ಯೂಸಿಯಂ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿಗೆ ಹೋಗ್ರಿ, ಪುಕ್ಕಟೆ ನೋಡಾಕ ಸಿಗತಾವು. ಚಿತ್ರದ ಕೆಳಗ ಬರದಿದ್ದು ಸದ್ಯಕ್ಕ ಓದಬ್ಯಾಡ್ರಿ, ಅಂಗೈ ಅಡ್ಡ ಇಟ್ಟು ಮುಚ್ಚಿಕೋರಿ. ಬರೇ ಕಣ್ಣಿಗೆ ಕಂಡಿದ್ದು ಐದಾರು ಸಾಲು ಬರೀರಿ, ಕೈ ಎಲ್ಲಿ ಐತಿ, ಕಾಲಾಗ ಏನೈತಿ, ಹಿಂದ ಏನೈತಿ, ಯಾರ ಕಡೆ ನೋಡಾಕತ್ತಾರ. ಇಷ್ಟ ಮಾಡಿದ್ರ ಸಾಕು, ಅರ್ಧ ಕೆಲಸ ಆದಂಗ.

ಆಮ್ಯಾಲ ಕೇಳಬೇಕಾದ ಪ್ರಶ್ನೆ, ಬರದವರು ಅಲ್ಲಿಗೆ ಹೋಗಿದ್ರೋ ಇಲ್ಲೋ. ಥಿಯೋಡರ್ ಡಿ ಬ್ರಿ ಅಂತ ಒಬ್ಬ ಇದ್ದ, ಜರ್ಮನಿಯ ಫ್ರಾಂಕ್‌ಫರ್ಟ್‌ನ್ಯಾಗ ತಾಮ್ರದ ತಗಡಿನ ಮ್ಯಾಲೆ ಕೊರದು ಅಚ್ಚು ಹಾಕವ, ಅಮೆರಿಕದ ನೆಲಾನ ತುಳಿದಿಲ್ಲ, ಆದ್ರ ಯುರೋಪಿನ ಮಂದಿ ಅಮೆರಿಕದ ಮೂಲನಿವಾಸಿಗಳನ್ನ ಕಂಡಿದ್ದು ಬಹಳಷ್ಟು ಅವನ ಚಿತ್ರದಿಂದ. 1590ರಾಗ ಅವ ಅಚ್ಚು ಹಾಕಿದ ಚಿತ್ರಗಳಿಗೆ ಮೂಲ ಯಾವುದು ಅಂದ್ರ ಜಾನ್ ವೈಟ್ ಅನ್ನೋ ಇಂಗ್ಲಿಷ್‌ನವ 1585ರಾಗ ಈಗಿನ ನಾರ್ತ್ ಕೆರೊಲಿನಾ ಕಡಲ ದಂಡಿಗೆ ಹೋಗಿ, ಆಲ್ಗಾಂಕಿಯನ್ ಭಾಷೆ ಮಾತಾಡೋ ಮೂಲನಿವಾಸಿ ಮಂದೀನ ಕಣ್ಣಾರೆ ನೋಡಿ ಬರದ ವಾಟರ್ ಕಲರ್. ಎರಡನ್ನೂ ಜೋಡಿ ಇಟ್ಟು ನೋಡ್ರಿ. ಸೆಕೋಟನ್ ಅಂತ ಒಂದು ಊರಿನ ಚಿತ್ರ ಐತಿ, ವೈಟ್ ಬರದಿದ್ರಾಗ ಮೆಕ್ಕಿಜ್ವಾಳದ ಹೊಲ ಮೂರು ಹದದಾಗ ಅದಾವು, ಈಗ ಮೊಳಕಿ ಬಂದಿದ್ದು, ಹಸರು ಇದ್ದದ್ದು, ಕಟಾವಿಗೆ ಬಂದಿದ್ದು. ನಮ್ಮ ಕಡೆ ರೈತರ ಮಕ್ಕಳಿಗೆ ಇದು ತೋರಿಸಿದ್ರ ತಕ್ಷಣ "ಸರ್, ಇವರು ಬ್ಯಾರೆ ಬ್ಯಾರೆ ಟೈಮಿಗೆ ಬಿತ್ಯಾರ" ಅಂದ್ರು. ಎಷ್ಟು ದೊಡ್ಡ ಮಾತು ನೋಡ್ರಿ ಅದು, "ಕಾಡು ಮಂದಿ" ಅಂತ ಕರಸಿಕೊಂಡವರ ಒಕ್ಕಲುತನ ಅಲ್ಲಿ ಕಾಣಾಕತ್ತೈತಿ. ಡಿ ಬ್ರಿ ಕೈಯಾಗ ಅದ ಊರಿಗೆ ಸೂರ್ಯಕಾಂತಿ, ತಂಬಾಕು ಬಂದು ಸೇರ್ಕೊಂಡಾವು, ವೈಟ್ ಬಿಳಿ ಹಾಳಿ ಮ್ಯಾಲೆ ಸುಮ್ನ ನಿಲ್ಲಿಸಿದ್ದ ಒಬ್ಬೊಬ್ರ ಹಿಂದ ಗುಡ್ಡ, ನೀರು ಬಂದಾವು, ಮುಖ ಯುರೋಪಿನವರದು ಆಗೈತಿ, ಮೈಕಟ್ಟು ಗ್ರೀಕ್ ಮೂರ್ತಿ ಇದ್ದಂಗ.

ಮೂರನೇದು, ಏನು ಅಳಿಸ್ಯಾರ ಅನ್ನೋದು ಹುಡುಕ್ರಿ. ಫೋಟೋ ಅಂದ್ರ ಸುಳ್ಳು ಹೇಳಲ್ಲ ಅಂತ ತಿಳ್ಕೋಬ್ಯಾಡ್ರಿ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ಕರ್ಟಿಸ್ 1907ರಿಂದ 1930ರ ತನಕ ಉತ್ತರ ಅಮೆರಿಕದ ಮೂಲನಿವಾಸಿಗಳ ಮ್ಯಾಲೆ 20 ಸಂಪುಟ ತಂದ, ಜೀವನಾನ ಅದಕ್ಕ ಕೊಟ್ಟ, ಅವನ ಶ್ರಮಕ್ಕ ನಾನು ಕೈ ಮುಗೀತೀನಿ. ಆದ್ರ 1910ರ ಸುಮಾರಿನ ಒಂದು ಫೋಟೋದಾಗ ಪೀಗನ್ ಜನಾಂಗದ ಇಬ್ರು ಗುಡಾರದ ಒಳಗ ಕುಂತಾರ, ನಡುವೆ ಒಂದು ಗಡಿಯಾರ ಇತ್ತು, ಅಚ್ಚಾದ ಚಿತ್ರದಾಗ ಗಡಿಯಾರ ಇಲ್ಲ, ತಿದ್ದಿ ತೆಗದಾರ. "ಕಣ್ಮರೆ ಆಗೋ ಮಂದಿ" ಅಂತ ತೋರಿಸಬೇಕಾದ್ರ ಅವರ ಮನ್ಯಾಗ ಗಡಿಯಾರ ಇರಬಾರದಲ್ರಿ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಹುಡುಗ್ರಿಗೆ ತೋರಿಸ್ರಿ, ಏನು ಬದಲಾಗೈತಿ ಅಂತ ಅವರ ಹುಡುಕ್ಲಿ.

ಇಸವಿನೂ ನೋಡ್ರಿ. ಬೆಂಜಮಿನ್ ಡುಟೆರೋ 1840ರಾಗ ಬರದ ದೊಡ್ಡ ಚಿತ್ರ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಹೋಬಾರ್ಟ್ ಮ್ಯೂಸಿಯಂನ್ಯಾಗ ಐತಿ, ಬ್ರಿಟಿಷ್ ಸರ್ಕಾರ ಸಂಧಾನಕ್ಕ ನೇಮಿಸಿದ್ದ ಜಾರ್ಜ್ ರಾಬಿನ್ಸನ್ ಅಲ್ಲಿನ ಮೂಲನಿವಾಸಿ ಜೊತಿ ಕೈ ಕುಲುಕಾಕತ್ತಾನ, ಹೆಸರ "ರಾಜಿ". ಆದ್ರ ಆ ಇಸವಿಗೆ ಬದುಕಿ ಉಳಿದವರಲ್ಲಿ ಬಹುತೇಕರನ್ನ ಫ್ಲಿಂಡರ್ಸ್ ದ್ವೀಪಕ್ಕ ಒಯ್ದು ಇಟ್ಟಾಗಿತ್ತು, ಅಲ್ಲಿ ರೋಗ ಬಂದು ಸಾಯಾಕತ್ತಿದ್ರು. ಚಿತ್ರದ ಇಸವಿ, ಅದ ವರ್ಷ ಆ ಮಂದಿ ಪಾಡು, ಎರಡನ್ನೂ ಒಂದ ಹಾಳಿ ಮ್ಯಾಲೆ ಬರ್ಕೋರಿ.

ಎಲ್ಲಕ್ಕಿಂತ ಮುಖ್ಯ, ಆ ಮಂದಿ ತಾವ ಬರದಿದ್ದು ಏನಾದ್ರೂ ಉಳದೈತೇನು ಹುಡುಕ್ರಿ. ಇಲ್ಲಿ ಅವಸರ ಮಾಡಬ್ಯಾಡ್ರಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಾಗ ಬಿಯೋಥುಕ್ ಅಂತ ಒಂದು ಜನಾಂಗ ಇತ್ತು. ಬಂದು ನೆಲಸಿದವರು ಕಡಲ ದಂಡಿ ಹಿಡದ್ರು, ಇವರಿಗೆ ಮೀನಿಲ್ಲ, ಸೀಲ್ ಅನ್ನೋ ಕಡಲ ಪ್ರಾಣಿ ಬ್ಯಾಟಿ ಇಲ್ಲ, ಒಳನಾಡಿಗೆ ಸರದು ಹಸಿವು, ಕ್ಷಯ, ಗುಂಡಿನೇಟಿಗೆ ಕರಗಿ ಹೋದ್ರು. 1819ರ ಮಾರ್ಚ್‌ನ್ಯಾಗ ಡೆಮಾಸ್ಡುವಿಟ್ ಅನ್ನೋ ಹೆಣ್ಮಗಳನ್ನ ಹಿಡಕೊಂಡು ಹೋದ್ರು, ಬಿಡಿಸಾಕ ಬಂದ ಗಂಡನ್ನ ಅಲ್ಲೇ ಕೊಂದ್ರು, ಹಿಡದ ತಿಂಗಳ ಹೆಸರ ಆಕಿಗೆ ಇಟ್ಟು "ಮೇರಿ ಮಾರ್ಚ್" ಅಂತ ಕರದ್ರು. ಅದ ವರ್ಷ ಗವರ್ನರ್ ಹೆಂಡ್ತಿ ಲೇಡಿ ಹ್ಯಾಮಿಲ್ಟನ್ ಆಕಿ ಚಿತ್ರ ಬರದ್ಲು. ಸಣ್ಣ ಚಿತ್ರ, ಮೆತ್ತಗಿನ ಮುಖ, ಶಾಂತ ಕಣ್ಣು. ನೋಡಿದ್ರ ಏನೂ ಆಗಿಲ್ಲ ಅನ್ನಿಸ್ತೈತಿ.

ಈಗ ಇನ್ನೊಂದು ನೋಡ್ರಿ. ಡೆಮಾಸ್ಡುವಿಟ್ ಅಣ್ಣನದೋ ಅಕ್ಕನದೋ ಕಡೆಯಿಂದ ಮಗಳಾಗಬೇಕಾದ ಶನಾವ್ಡಿಥಿಟ್, 1829ರಾಗ ಕ್ಷಯದಿಂದ ತೀರಿಕೊಳ್ಳೂ ಮುಂಚೆ, ಸೇಂಟ್ ಜಾನ್ಸ್ ಊರಾಗ ಪೆನ್ಸಿಲ್ ಹಿಡದು ಒಂದಷ್ಟು ಚಿತ್ರ ಬರದು ಕೊಟ್ಲು. ಒಂದ್ರಾಗ ಇದ ಘಟನೆ ಐತಿ, ಕೆರಿ, ಗುಡಾರ, ತನ್ನ ಮಂದಿ ಕೆಂಪಿನ್ಯಾಗ, ಬಂದ ಇಂಗ್ಲಿಷ್‌ನವರು ಕಪ್ಪಿನ್ಯಾಗ. ಮುಖ ಇಲ್ಲ, ಬೆರಳಿನಷ್ಟ ಆಕೃತಿ. ಅಲ್ಲಿ ಯಾರು ಎತ್ತ ಓಡಿದ್ರು, ಯಾರು ಎಲ್ಲಿ ನಿಂತಿದ್ರು ಅನ್ನೋದು ಮುಖ್ಯ. ಲೇಡಿ ಹ್ಯಾಮಿಲ್ಟನ್ ಚಿತ್ರದಾಗ ಒಬ್ಬಾಕಿ ಒಂಟಿ, ಇದ್ರಾಗ ಆಕಿಗೆ ಊರೈತಿ, ಗಂಡ ಅದಾನ. ನಾನು ಇವೆರಡನ್ನ ಮೊದಲ ಸಲ ಜೋಡಿ ಇಟ್ಟು ನೋಡಿದಾಗ ಬಹಳ ಹೊತ್ತು ಮಾತು ಹೊರಡಲಿಲ್ಲ.

ಈಗ ಅಂಗೈ ತೆಗದು ಕೆಳಗಿನ ಬರಹ ಓದ್ರಿ. "ಕೊನೆಯವಳು" ಅಂತ ಇದ್ರ ಅಲ್ಲೇ ನಿಲ್ರಿ. 1876ರಾಗ ತೀರಿಕೊಂಡ ಟ್ರುಗನಿನಿಗೆ "ಕೊನೆಯ ಟ್ಯಾಸ್ಮೇನಿಯನ್" ಅಂತ ಹೆಸರಿಟ್ಟು, ಆಕಿ ಎಲುಬಿನ ಗೂಡನ್ನ ಮ್ಯೂಸಿಯಂನ್ಯಾಗ 1947ರ ತನಕ ನಿಲ್ಲಿಸಿದ್ರು, 1976ಕ್ಕ ಆಕಿಗೆ ದಹನ ಸಿಕ್ತು. ಆ ಜನಾಂಗದ ಮಕ್ಕಳು ಮೊಮ್ಮಕ್ಕಳು ಇವತ್ತೂ ಅಲ್ಲೇ ಅದಾರ. ಆದ್ದರಿಂದ ನೀವು ಬರೀವಾಗ ಏನು ಹೋತು ಅಂತ ಬಿಡಿಸಿ ಬರೀರಿ, ಭಾಷೆ ಹೋತೋ, ನೆಲ ಹೋತೋ, ಮಂದೀನ ಹೋದ್ರೋ. ಅಂಡಮಾನಿನ ಬೋ ಭಾಷೆ 2010ರಾಗ ಅದನ್ನ ಮಾತಾಡೋ ಕೊನೆಯಾಕಿ ಬೋವಾ ಸೀನಿಯರ್ ಜೊತಿ ಹೋತು, ಆದ್ರ ಗ್ರೇಟ್ ಅಂಡಮಾನೀಸ್ ಮಂದಿ ಇದ್ದಾರ.

ನಮ್ಮ ದೇಶದ್ದೂ ಹಿಂಗ ನೋಡ್ರಿ. ಬ್ರಿಟಿಷರು 1868ರಿಂದ 1875ರ ತನಕ 8 ಸಂಪುಟದಾಗ ಭಾರತದ ಜನಾಂಗಗಳ ಫೋಟೋ ಅಚ್ಚು ಹಾಕಿದ್ರು, ಬಹಳಷ್ಟು ಕಡೆ ಮನುಷ್ಯನ ಹೆಸರಿಲ್ಲ, ಜಾತಿ ಹೆಸರು ಮತ್ತ ಒಂದೆರಡು ಸಾಲು ಗುಣ ಅವಗುಣ. ಅದ ಹೊತ್ತಿನ್ಯಾಗ, 1871ಕ್ಕ, ಹುಟ್ಟಿನಿಂದ್ಲೇ ಅಪರಾಧಿ ಅಂತ ಜನಾಂಗಗಳನ್ನ ಪಟ್ಟಿ ಮಾಡೋ ಕಾಯ್ದೆ ಬಂತು, 1952ರ ತನಕ ಇತ್ತು. ಆ ಕಳಂಕ ಹೊತ್ತ ಅಲೆಮಾರಿ ಮಂದಿ ನಮ್ಮ ಜಿಲ್ಲೆದಾಗೂ ಅದಾರ, ಅವರ ಮಕ್ಕಳು ನಮ್ಮ ಕ್ಲಾಸಿನ್ಯಾಗ ಕುಂದರ್ತಾರ, ಅದಕ್ಕ ಈ ಫೋಟೋ ತೋರಿಸುವಾಗ ದನಿ ತಗ್ಗಿಸಿ ಮಾತಾಡ್ರಿ, ಯಾವ ಮಗೂನ ಕಡೀಗೂ ಬೆರಳು ಮಾಡಬ್ಯಾಡ್ರಿ.

ಕಣ್ಣು ಪಳಗಿದ ಮ್ಯಾಲೆ ಒಂದು ಭಾನುವಾರ ನಮ್ಮ ಗಂಗಾವತಿ ಹತ್ರದ ಹಿರೇಬೆಣಕಲ್ ಗುಡ್ಡಕ್ಕ ಹೋಗ್ರಿ. ಮೋರೇರ ಮನಿ ಅಂತೀವಲ್ಲ, ಬಹಳ ಹಳೆ ಕಾಲದ ಆ ಕಲ್ಲುಚಪ್ಪಡಿ ಸಮಾಧಿಗಳ ಹತ್ರನ ಬಂಡೆಗಲ್ಲಿನ ಮರಿಗೆ ಕೆಂಪು ಬಣ್ಣದಾಗ ಮಂದಿ, ದನ, ಜಿಂಕಿ ಬರದಾರ, ಯಾರೋ ಹೊರಗಿನವರು ಬಂದು ಬರದಿದ್ದಲ್ಲ. ಬಿಸಿಲು ಏರೂದ್ರೊಳಗ ಮ್ಯಾಲೆ ಇರ್ರಿ, ನೀರು ಜಾಸ್ತಿ ಒಯ್ರಿ, ಆದ್ರ ಆ ನೀರು ಕುಡ್ಯಾಕ ಅಷ್ಟ. ಫೋಟೋದಾಗ ಎದ್ದು ಕಾಣ್ಲಿ ಅಂತ ಚಿತ್ರಕ್ಕ ನೀರು ಚಿಮುಕಿಸಬ್ಯಾಡ್ರಿ, ಚಾಕ್‌ಪೀಸ್‌ಲೆ ಗೆರಿ ತಿದ್ದಬ್ಯಾಡ್ರಿ, ಮುಟ್ಟಬ್ಯಾಡ್ರಿ. ನೆರಳಿನ್ಯಾಗ ಕುಂತು ನಿಮ್ಮ ಹಾಳಿ ಮ್ಯಾಲೆ ನೋಡಿ ಬರ್ಕೋರಿ.